ಎಂಜಿನ್ನಿನ ಉಸಿರು ಸೋರದಂತೆ: ಹಳೆ ಯೆಜ್ಡಿಗೆ ಸೀಲ್, ಪ್ಯಾಕಿಂಗ್ ಕೂರಿಸುವ ಬಗೆ

ಮನೆಯ ಮೂಲೆಯಲ್ಲಿ ಅಪ್ಪನ ಕಾಲದ ಯೆಜ್ಡಿ ನಿಂತಿದೆ. ಹತ್ತು ಕಿಕ್ ಹೊಡೆದರೆ ಸ್ಟಾರ್ಟ್ ಆಗುತ್ತದೆ. ಆಮೇಲೆ ಬೀದಿ ತುಂಬ ಹೊಗೆ. ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ಕಿರುಚುತ್ತಲೇ ಇರುತ್ತದೆ. ಕಾರ್ಬುರೇಟರ್ ತೊಳೆದದ್ದಾಯಿತು, ಪ್ಲಗ್ ಬದಲಾಯಿಸಿದ್ದಾಯಿತು, ಸೈಲೆನ್ಸರ್ ಕ್ಲೀನ್ ಮಾಡಿಸಿದ್ದಾಯಿತು. ಗುಣ ಕಾಣಲಿಲ್ಲ.

ಹೀಗಾಗಿದ್ದರೆ ಕ್ರ್ಯಾಂಕಿನ, ಅಂದರೆ ಪಿಸ್ಟನ್ನಿನ ಏರಿಳಿತಕ್ಕೆ ತಿರುಗುವ ದಂಡದ, ಎರಡೂ ತುದಿಯಲ್ಲಿ ಕೂತಿರುವ ಎರಡು ರಬ್ಬರ್ ಉಂಗುರಗಳ ಮೇಲೆ ಅನುಮಾನ ಇಡಿ. ಅವೇ ಆಯಿಲ್ ಸೀಲ್‌ಗಳು. ಇಡೀ ಎಂಜಿನ್ನಿನಲ್ಲಿ ಅತಿ ಅಗ್ಗದ ಸಾಮಾನುಗಳಲ್ಲಿ ಅವೂ ಸೇರಿವೆ. ಆದರೆ ಅವು ಕೂತಿರುವುದು ಅತಿ ಆಳದಲ್ಲಿ. ಆದ್ದರಿಂದಲೇ ಎಂಜಿನ್ ಒಮ್ಮೆ ಬಿಚ್ಚಿದ ಮೇಲೆ ಸೀಲ್, ಪ್ಯಾಕಿಂಗ್ ಕೆಲಸದಲ್ಲಿ ಅವಸರ ಮಾಡಬಾರದು.

ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಿಂದ 1996ರವರೆಗೆ ಬೈಕ್ ತಯಾರಿಸಿತು. ಮೊದಲು ಜೆಕೊಸ್ಲೊವಾಕಿಯಾದ ಪರವಾನಗಿಯಲ್ಲಿ ಜಾವಾ, ಆಮೇಲೆ ಯೆಜ್ಡಿ. ಅಂದರೆ ಅಲ್ಲಿಂದ ಕೊನೆಗೆ ಹೊರಬಂದ ಬೈಕಿಗೂ ಈಗ ಕಾಲು ಶತಮಾನ ದಾಟಿದೆ. ಕಬ್ಬಿಣ ಇಷ್ಟು ವರ್ಷ ತಾಳುತ್ತದೆ, ರಬ್ಬರ್ ತಾಳುವುದಿಲ್ಲ. ಈ ಲೇಖನದಲ್ಲಿ ಯೆಜ್ಡಿ 250ರಂಥ ಟೂ ಸ್ಟ್ರೋಕ್ ಎಂಜಿನ್ನನ್ನೇ ಮುಂದಿಟ್ಟುಕೊಂಡು ವಿವರಿಸುತ್ತೇನೆ. ಆರ್‌ಎಕ್ಸ್ 100 ಇರುವವರಿಗೂ ಇದರ ಬಹುಪಾಲು ಅನ್ವಯಿಸುತ್ತದೆ. ಫೋರ್ ಸ್ಟ್ರೋಕ್ ಬೈಕಿನವರಿಗೆ ಕೊನೆಯ ಕಡೆ ಒಂದು ಭಾಗ ಇದೆ.

ಸೀಲ್ ಎಂದರೇನು, ಪ್ಯಾಕಿಂಗ್ ಎಂದರೇನು?

ಎರಡೂ ಸೋರಿಕೆ ತಡೆಯುವ ಸಾಮಾನುಗಳೇ. ಆದರೆ ಕೆಲಸ ಬೇರೆ ಬೇರೆ.

ತಿರುಗುವ ಶಾಫ್ಟ್, ಅಂದರೆ ಉಕ್ಕಿನ ದಂಡ, ಎಂಜಿನ್ನಿನ ಗೋಡೆಯಿಂದ ಹೊರಬರುವ ಜಾಗದಲ್ಲಿ ಆಯಿಲ್ ಸೀಲ್ ಇರುತ್ತದೆ. ಒಂದು ಹಳೆಯ ಸೀಲ್ ಕೈಗೆತ್ತಿಕೊಂಡು ನೋಡಿ. ಹೊರಗಡೆ ಗಟ್ಟಿಯಾದ ಲೋಹದ ಬಳೆ. ಅದಕ್ಕೆ ಅಂಟಿಕೊಂಡಂತೆ ರಬ್ಬರ್. ಒಳ ಅಂಚಿನಲ್ಲಿ ತೆಳುವಾದ ತುಟಿ. ಇದನ್ನು ಲಿಪ್ ಎನ್ನುತ್ತಾರೆ. ತುಟಿಯ ಬೆನ್ನಿಗೆ ಕೂದಲಿನಷ್ಟು ಸಣ್ಣ ತಂತಿಯ ಸ್ಪ್ರಿಂಗ್ ಸುತ್ತಿಕೊಂಡಿರುತ್ತದೆ. ತುಟಿ ಯಾವಾಗಲೂ ಶಾಫ್ಟನ್ನು ಮೆಲ್ಲಗೆ ಒತ್ತಿ ಹಿಡಿದಿರುವಂತೆ ಈ ಸ್ಪ್ರಿಂಗ್ ನೋಡಿಕೊಳ್ಳುತ್ತದೆ. ಕೆಲವು ಸೀಲ್‌ಗಳಲ್ಲಿ ಧೂಳು ತಡೆಯಲು ಇನ್ನೊಂದು ಪುಟ್ಟ ತುಟಿಯೂ ಇರುತ್ತದೆ.

ತಿರುಗದ ಎರಡು ಭಾಗಗಳು ಒಂದರ ಮೇಲೊಂದು ಕೂರುವಲ್ಲಿ ಗ್ಯಾಸ್ಕೆಟ್ ಬರುತ್ತದೆ. ನಮ್ಮ ಮೆಕ್ಯಾನಿಕ್‌ಗಳು ಇದನ್ನು ಪ್ಯಾಕಿಂಗ್ ಎನ್ನುತ್ತಾರೆ. ಚೇಂಬರ್, ಅಂದರೆ ಕ್ರ್ಯಾಂಕ್ ತಿರುಗುವ ಕೆಳಗಿನ ಗೂಡು, ಮತ್ತು ಬ್ಲಾಕ್, ಅಂದರೆ ಸಿಲಿಂಡರ್, ನಡುವೆ ಪೇಪರ್ ಪ್ಯಾಕಿಂಗ್. ಬ್ಲಾಕ್ ಮತ್ತು ಹೆಡ್ ನಡುವೆ ಬೆಂಕಿಯ ಬಿಸಿ ತಾಳುವ ಹೆಡ್ ಪ್ಯಾಕಿಂಗ್. ಕ್ಲಚ್ ಕವರ್, ಕಾರ್ಬುರೇಟರ್, ಸೈಲೆನ್ಸರ್ ಬೆಂಡ್ ಪೈಪ್ ಎಲ್ಲಕ್ಕೂ ಒಂದೊಂದು.

ಎರಡು ಲೋಹಗಳನ್ನು ಬೋಲ್ಟ್ ಹಾಕಿ ಬಿಗಿದರೆ ಸಾಲದೇ ಎಂದು ನೀವು ಕೇಳಬಹುದು. ಎಷ್ಟೇ ನುಣುಪಾಗಿ ಕಂಡರೂ ಲೋಹದ ಮೈಯಲ್ಲಿ ಕಣ್ಣಿಗೆ ಕಾಣದ ಏರುಪೇರು ಇರುತ್ತದೆ. ಬಿಸಿಯಾದಾಗ ಅದು ಹಿಗ್ಗುತ್ತದೆ, ತಣ್ಣಗಾದಾಗ ಕುಗ್ಗುತ್ತದೆ. ಆ ಸಂದನ್ನೆಲ್ಲ ತುಂಬಿಕೊಳ್ಳುವುದು ಪ್ಯಾಕಿಂಗ್.

ಟೂ ಸ್ಟ್ರೋಕ್‌ನಲ್ಲಿ ಸೀಲ್ ಯಾಕೆ ಇಷ್ಟು ಮುಖ್ಯ?

ಇದನ್ನು ಅರ್ಥ ಮಾಡಿಕೊಂಡರೆ ಮುಂದಿನದೆಲ್ಲ ಸುಲಭ.

ಟೂ ಸ್ಟ್ರೋಕ್ ಎಂಜಿನ್ನಿಗೆ ಚೇಂಬರೇ ಶ್ವಾಸಕೋಶ. ಪಿಸ್ಟನ್ ಮೇಲೆ ಹೋದಾಗ ಕೆಳಗಿನ ಚೇಂಬರಿನಲ್ಲಿ ಗಾಳಿ ತೆಳುವಾಗುತ್ತದೆ. ಆಗ ಕಾರ್ಬುರೇಟರಿನಿಂದ ಪೆಟ್ರೋಲ್, ಆಯಿಲ್, ಗಾಳಿಯ ಮಿಶ್ರಣ ಒಳಗೆ ನುಗ್ಗುತ್ತದೆ. ಪಿಸ್ಟನ್ ಕೆಳಗೆ ಬಂದಾಗ ಅದೇ ಮಿಶ್ರಣ ಒತ್ತಡಕ್ಕೆ ಸಿಕ್ಕಿ ಪಕ್ಕದ ದಾರಿಗಳಿಂದ ಮೇಲಕ್ಕೆ, ಸಿಲಿಂಡರಿಗೆ ಏರುತ್ತದೆ. ಎಂಜಿನ್ ನಿಮಿಷಕ್ಕೆ 4,000 ಸುತ್ತು ತಿರುಗುತ್ತಿದ್ದರೆ ಈ ಎಳೆತ ಮತ್ತು ಒತ್ತುವಿಕೆ ಸೆಕೆಂಡಿಗೆ ಸುಮಾರು 67 ಸಲ ನಡೆಯುತ್ತದೆ.

ಈಗ ಸೀಲ್ ಸವೆದಿದೆ ಎಂದುಕೊಳ್ಳಿ. ಯಾವ ಕಡೆಯದು ಸವೆದಿದೆ ಎಂಬುದರ ಮೇಲೆ ಲಕ್ಷಣ ಬೇರೆಯಾಗುತ್ತದೆ.

ಕ್ಲಚ್ ಕಡೆಯ ಸೀಲ್ ಹೋದರೆ ಚೇಂಬರ್ ಆ ಕಡೆಯ ಗೇರ್ ಆಯಿಲನ್ನು ಎಳೆದುಕೊಳ್ಳುತ್ತದೆ. ದಟ್ಟ ಹೊಗೆ ಬರುತ್ತದೆ, ಪ್ಲಗ್ ಕಪ್ಪಾಗಿ ಜಿಡ್ಡಾಗುತ್ತದೆ. ಹೊರಗೆ ಒಂದು ಹನಿಯೂ ಸೋರದಿದ್ದರೂ ಗೇರ್ ಆಯಿಲ್ ಕಡಿಮೆಯಾಗುತ್ತಾ ಹೋಗುತ್ತದೆ. ಗೇರ್ ಆಯಿಲ್ ಇಳಿಸಿ ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದರೆ ಅದೂ ಇದೇ ಸೀಲಿನ ದೂರು. ಒತ್ತಡದ ಹೊತ್ತಿನಲ್ಲಿ ಮಿಶ್ರಣ ಆಚೆ ದಾಟಿದೆ ಎಂದರ್ಥ.

ಮ್ಯಾಗ್ನೆಟ್ ಕಡೆಯ ಸೀಲ್ ಹೋದರೆ ಎಂಜಿನ್ ಬರಿ ಗಾಳಿಯನ್ನು ಎಳೆದುಕೊಳ್ಳುತ್ತದೆ. ಆಗ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ಪೆಟ್ರೋಲಿನ ಜೊತೆ ಬರಬೇಕಾದ ಆಯಿಲೂ ಕಡಿಮೆ. ಐಡ್ಲಿಂಗ್ ಏರಿಳಿಯುತ್ತದೆ. ಪ್ಲಗ್ ಬೆಳ್ಳಗಾಗುತ್ತದೆ. ಬಿಸಿ ಮಿತಿ ಮೀರಿ ಒಂದು ದಿನ ಹೆದ್ದಾರಿಯಲ್ಲಿ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಇದನ್ನೇ ಸೀಜ್ ಆಗುವುದು ಎನ್ನುವುದು. ಹಿಂದಿನ ಚಕ್ರ ಒಮ್ಮೆಲೇ ಲಾಕ್ ಆಗುವುದರಿಂದ ಇದು ಜೀವಕ್ಕೂ ಅಪಾಯ. ಮ್ಯಾಗ್ನೆಟ್ ಕವರ್ ತೆಗೆದಾಗ ಒಳಗೆಲ್ಲ ಒದ್ದೆ ಮಸಿ ಕಂಡರೆ ಈ ಸೀಲನ್ನು ಬದಲಾಯಿಸದೆ ಬೈಕ್ ಓಡಿಸಬೇಡಿ.

ಸಾಮಾನು ತರುವ ಮುನ್ನ

ಹಳೆಯ ಸೀಲನ್ನು ಎಸೆಯಬೇಡಿ. ಅದರ ಮೈಮೇಲೆ ಮೂರು ಅಂಕೆಗಳಿರುತ್ತವೆ. ಉದಾಹರಣೆಗೆ 25-52-7 ಎಂದಿದ್ದರೆ ಒಳ ಅಳತೆ 25 ಮಿ.ಮೀ., ಹೊರ ಅಳತೆ 52 ಮಿ.ಮೀ., ದಪ್ಪ 7 ಮಿ.ಮೀ. ಈ ಮೂರು ಅಂಕೆ ಹೇಳಿದರೆ ಬೇರಿಂಗ್ ಅಂಗಡಿಯವರು ಸೀಲ್ ಕೊಡುತ್ತಾರೆ. ಅಂಕೆ ಅಳಿಸಿಹೋಗಿದ್ದರೆ ವರ್ನಿಯರ್ ಕ್ಯಾಲಿಪರ್‌ನಿಂದ ಶಾಫ್ಟನ್ನೂ ಸೀಲ್ ಕೂರುವ ಗುಂಡಿಯನ್ನೂ ಅಳೆಯಿರಿ.

ಆದರೆ ಅಳತೆ ಹೊಂದಿದರೆ ಸಾಲದು, ರಬ್ಬರ್ ಯಾವುದು ಎಂದೂ ಕೇಳಿ. ಸಾಮಾನ್ಯವಾಗಿ ಸಿಗುವುದು ನೈಟ್ರೈಲ್ ರಬ್ಬರ್. ಇದು ಸುಮಾರು 100 ಡಿಗ್ರಿ ಸೆಲ್ಸಿಯಸ್ ತನಕ ಚೆನ್ನಾಗಿ ಕೆಲಸ ಮಾಡುತ್ತದೆ. ಇನ್ನೊಂದು ವೈಟಾನ್. ಇದು 200 ಡಿಗ್ರಿಯವರೆಗೂ ತಾಳುತ್ತದೆ, ಪೆಟ್ರೋಲಿಗೂ ಬಗ್ಗುವುದಿಲ್ಲ. ಬೆಲೆ ಹೆಚ್ಚು. ಬಣ್ಣ ನೋಡಿ ವೈಟಾನ್ ಎಂದು ನಂಬಬೇಡಿ. ಕಂದು ಬಣ್ಣದ್ದೆಲ್ಲ ವೈಟಾನ್ ಅಲ್ಲ.

ವೈಟಾನ್ ಈಗ ಯಾಕೆ ಬೇಕು? 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಇ20 ಪೆಟ್ರೋಲಿಗೆ ಚಾಲನೆ ಸಿಕ್ಕಿತು. ಇ20 ಎಂದರೆ ನೂರು ಪಾಲಿನಲ್ಲಿ 20 ಪಾಲು ಎಥನಾಲ್ ಬೆರೆಸಿದ ಪೆಟ್ರೋಲ್. ಯೆಜ್ಡಿ ತಯಾರಾದ ಕಾಲದ ರಬ್ಬರನ್ನು ಇದಕ್ಕೆಂದು ಮಾಡಿರಲಿಲ್ಲ. ಟೂ ಸ್ಟ್ರೋಕ್‌ನಲ್ಲಿ ಪೆಟ್ರೋಲ್ ಕ್ರ್ಯಾಂಕ್ ಸೀಲನ್ನು ಸವರಿಕೊಂಡೇ ಹೋಗುತ್ತದೆ. ಆದ್ದರಿಂದ ಸಿಕ್ಕರೆ ಕ್ರ್ಯಾಂಕಿನ ಎರಡು ಸೀಲ್‌ಗಳನ್ನಾದರೂ ವೈಟಾನ್‌ನದ್ದೇ ಹಾಕಿ. ಕಿಕ್ ಶಾಫ್ಟ್, ಗೇರ್ ಶಾಫ್ಟ್‌ಗಳಿಗೆ ನೈಟ್ರೈಲ್ ಸಾಕು.

ಹಳೆ ಸ್ಟಾಕ್ ಬಗ್ಗೆ ಒಂದು ಎಚ್ಚರಿಕೆ. ಕಂಪನಿಯ ಅಸಲಿ ಪೊಟ್ಟಣದಲ್ಲಿರುವ ಸೀಲ್ ಸಿಕ್ಕರೆ ಸಂತೋಷವಾಗುತ್ತದೆ ನಿಜ. ಆದರೆ ಅದೂ ಕಪಾಟಿನಲ್ಲಿ ಮೂವತ್ತು ವರ್ಷ ಒಣಗಿರಬಹುದು. ತುಟಿಯನ್ನು ಬೆರಳಿನಿಂದ ಮಡಿಚಿ ನೋಡಿ. ಗಟ್ಟಿಯಾಗಿದ್ದರೆ, ಸಣ್ಣ ಬಿರುಕು ಕಂಡರೆ ಬೇಡ. ಹೊಸದಾಗಿ ತಯಾರಾದ ಮೆದು ಸೀಲ್ ಅದಕ್ಕಿಂತ ಮೇಲು.

ಪ್ಯಾಕಿಂಗ್ ಸೆಟ್ ತಂದಾಗ ಒಂದೊಂದನ್ನೂ ಅದರದರ ಜಾಗದಲ್ಲಿಟ್ಟು ನೋಡಿ. ಬೋಲ್ಟಿನ ತೂತುಗಳಷ್ಟೇ ಅಲ್ಲ, ಆಯಿಲ್ ಹೋಗುವ ಸಣ್ಣ ತೂತುಗಳೂ ಹೊಂದಬೇಕು. ಸ್ಥಳೀಯವಾಗಿ ಕತ್ತರಿಸಿದ ಸೆಟ್‌ಗಳಲ್ಲಿ ಈ ಸಣ್ಣ ತೂತು ಬಿಟ್ಟುಹೋಗಿರುವುದುಂಟು. ಅದನ್ನು ಹಾಗೇ ಹಾಕಿದರೆ ಒಳಗಿನ ಆಯಿಲ್ ದಾರಿ ಮುಚ್ಚಿಹೋಗುತ್ತದೆ.

ಹಳೆಯದನ್ನು ತೆಗೆಯುವುದು

ಬಿಚ್ಚುವ ಮುನ್ನ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಸೀಲಿನ ಯಾವ ಮುಖ ಹೊರಗಿದೆ, ಎಷ್ಟು ಆಳದಲ್ಲಿದೆ, ಸರ್ಕ್ಲಿಪ್ ಎಲ್ಲಿದೆ ಎಂಬುದು ಫೋಟೋದಲ್ಲಿ ಕಾಣಬೇಕು. ಸರ್ಕ್ಲಿಪ್ ಎಂದರೆ ಸೀಲ್ ಹೊರಬರದಂತೆ ತಡೆಯುವ ಉಕ್ಕಿನ ಉಂಗುರ.

ಸೀಲನ್ನು ಸ್ಕ್ರೂಡ್ರೈವರ್‌ನಿಂದ ಮೀಟುವಾಗ ಚೇಂಬರಿನ ಅಂಚಿಗೆ ಒಂದು ಮರದ ತುಂಡು ಕೊಡಿ. ಜಗ್ಗದಿದ್ದರೆ ಸೀಲಿನ ಲೋಹದ ಭಾಗಕ್ಕೆ ಸಣ್ಣ ತೂತು ಕೊರೆದು, ಒಂದು ಸ್ಕ್ರೂ ತಿರುಗಿಸಿ, ಇಕ್ಕಳದಿಂದ ಎಳೆಯಿರಿ. ಡ್ರಿಲ್ ಬಿಟ್ ಹಿಂದಿನ ಬೇರಿಂಗಿಗೆ ತಗುಲಬಾರದು. ಸೀಲ್ ಕೂರುವ ಗುಂಡಿಯ ಗೋಡೆಗೆ ಗೀರು ಬಿದ್ದರೆ ಹೊಸ ಸೀಲ್ ಹಾಕಿದರೂ ಆ ಗೀರಿನಲ್ಲೇ ಸೋರುತ್ತದೆ.

ಹಳೆ ಪೇಪರ್ ಪ್ಯಾಕಿಂಗ್ ಅಂಟಿಕೊಂಡಿರುತ್ತದೆ. ಚಾಕು, ಹ್ಯಾಕ್ಸಾ ಬ್ಲೇಡ್ ಹಿಡಿದು ಕೆರೆಯುವುದನ್ನು ಎಷ್ಟೋ ಕಡೆ ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಅಲ್ಯೂಮಿನಿಯಂ ಮೆದು ಲೋಹ. ಒಂದೇ ಗೀರು ಸಾಕು. ಥಿನ್ನರ್ ಹಚ್ಚಿ ಸ್ವಲ್ಪ ಹೊತ್ತು ನೆನೆಯಲು ಬಿಡಿ. ಆಮೇಲೆ ಮರದ ಇಲ್ಲವೇ ಪ್ಲಾಸ್ಟಿಕ್ಕಿನ ಚಪ್ಪಟೆ ತುಂಡಿನಿಂದ ಎಬ್ಬಿಸಿ.

ಇಲ್ಲಿ ಆರೋಗ್ಯದ ಮಾತೊಂದಿದೆ. ಹಳೆಯ ಹೆಡ್ ಪ್ಯಾಕಿಂಗ್‌ಗಳಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಇರುವ ಸಾಧ್ಯತೆ ಇದೆ. ಅದರ ಧೂಳು ಶ್ವಾಸಕೋಶಕ್ಕೆ ಸೇರಿದರೆ ವರ್ಷಗಳ ನಂತರ ಕ್ಯಾನ್ಸರ್ ಬರಬಹುದು. ಒಣಗಿದ್ದಾಗ ಉಜ್ಜಬೇಡಿ, ತಂತಿ ಬ್ರಷ್ ಹಾಕಬೇಡಿ, ಗಾಳಿ ಹೊಡೆದು ಊದಬೇಡಿ. ಒದ್ದೆ ಮಾಡಿಯೇ ತೆಗೆಯಿರಿ. ಮಾಸ್ಕ್ ಹಾಕಿ. ತೆಗೆದ ಚೂರುಗಳನ್ನು ಒದ್ದೆಯಾಗಿಯೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಟ್ಟಿಡಿ.

ಮೈ ಸಮ ಇದೆಯೇ ನೋಡುವುದು

ಈ ಕೆಲಸದಲ್ಲಿ ಹತ್ತಕ್ಕೆ ಎಂಟು ಪಾಲು ಶುಚಿ. ಎಲ್ಲ ಭಾಗಗಳನ್ನೂ ಸೀಮೆಎಣ್ಣೆ ಇಲ್ಲವೇ ಡೀಸೆಲ್‌ನಲ್ಲಿ ತೊಳೆದು ಒಣಗಿಸಿ. ಬೀಡಿ, ಸಿಗರೇಟು, ಒಲೆ ಹತ್ತಿರ ಇರಬಾರದು.

ಹೆಡ್ಡಿನ ಮೈ ಸಮ ಇದೆಯೇ ತಿಳಿಯಲು ಒಂದು ದಪ್ಪ ಗಾಜಿನ ಹಲಗೆ ಬೇಕು. ಅದರ ಮೇಲೆ 400 ನಂಬರಿನ ವಾಟರ್ ಪೇಪರ್ ಹಾಸಿ, ಸ್ವಲ್ಪ ಎಣ್ಣೆ ಬಿಟ್ಟು, ಹೆಡ್ಡನ್ನು ಎಂಟು ಅಂಕೆ ಬರೆದಂತೆ ಮೆಲ್ಲಗೆ ತಿರುಗಿಸಿ. ಎಲ್ಲ ಕಡೆ ಒಂದೇ ತರಹ ಹೊಳೆದರೆ ಸಮ ಇದೆ. ಕೆಲವು ಕಡೆ ಮಾತ್ರ ಹೊಳೆದು ಉಳಿದ ಕಡೆ ಕಪ್ಪಾಗಿಯೇ ಇದ್ದರೆ ಡೊಂಕಾಗಿದೆ. ಸ್ವಲ್ಪವಿದ್ದರೆ ಹೀಗೆಯೇ ಉಜ್ಜಿ ಸರಿ ಮಾಡಬಹುದು. ಜಾಸ್ತಿ ಇದ್ದರೆ ಲೇತ್ ಅಂಗಡಿಗೆ ಕೊಡಿ.

ಶಾಫ್ಟನ್ನೂ ನೋಡಿ. ಹಳೆಯ ಸೀಲಿನ ತುಟಿ ಉಜ್ಜಿದ ಜಾಗದಲ್ಲಿ ಉಗುರು ಎಳೆಯಿರಿ. ಉಗುರು ಸಿಕ್ಕಿಕೊಳ್ಳುವಷ್ಟು ಗೆರೆ ಬಿದ್ದಿದ್ದರೆ ಹೊಸ ಸೀಲ್ ಆ ಗೆರೆಯ ಮೇಲೆ ನಿಲ್ಲುವುದಿಲ್ಲ. ಜಾಗವಿದ್ದರೆ ಸೀಲನ್ನು 1 ಮಿ.ಮೀ.ನಷ್ಟು ಆಚೀಚೆ ಕೂರಿಸಿ ತುಟಿ ಹೊಸ ಜಾಗಕ್ಕೆ ಬರುವಂತೆ ಮಾಡಬಹುದು. ಇಲ್ಲದಿದ್ದರೆ ಶಾಫ್ಟಿನ ಮೇಲೆ ತೆಳು ಉಕ್ಕಿನ ಸ್ಲೀವ್, ಅಂದರೆ ಕೊಳವೆಯಂಥ ಕವಚ, ಹಾಕಿಸಬೇಕಾಗುತ್ತದೆ. ಬರಿ ತುಕ್ಕಿನ ಕಲೆ ಇದ್ದರೆ ನಯವಾದ ವಾಟರ್ ಪೇಪರಿನಿಂದ ಶಾಫ್ಟನ್ನು ಸುತ್ತಿ ಉಜ್ಜಿ. ಉದ್ದಕ್ಕೆ ಉಜ್ಜಿದರೆ ಆ ಗೆರೆಗಳೇ ಎಣ್ಣೆಗೆ ಕಾಲುವೆಯಾಗುತ್ತವೆ.

ಸೀಲ್ ಕೂರಿಸುವುದು, ಹಂತ ಹಂತವಾಗಿ

ಮೊದಲು ಬೇರಿಂಗ್, ಆಮೇಲೆ ಸೀಲ್. ಬೇರಿಂಗ್ ಕೂರಿಸಲು ಚೇಂಬರನ್ನು ಬಿಸಿ ಮಾಡುತ್ತಾರೆ. ಆ ಬಿಸಿ ಪೂರ್ತಿ ಆರಿದ ಮೇಲೆಯೇ ಸೀಲ್ ಮುಟ್ಟಿ.

1. ಗುಂಡಿಯ ಅಂಚನ್ನು ಬೆರಳಿನಿಂದ ಸವರಿ ನೋಡಿ. ಚೂಪಾದ ಮುಳ್ಳಿದ್ದರೆ ನಯವಾದ ಉಪ್ಪು ಕಾಗದದಿಂದ ತೆಗೆಯಿರಿ. ಬಟ್ಟೆಯಿಂದ ಒರೆಸಿ.

2. ಸೀಲಿನ ತುಟಿಗೆ ಗ್ರೀಸ್ ಹಚ್ಚಿ. ಒಣ ತುಟಿ ಮೊದಲ ಕೆಲವು ಸುತ್ತಿನಲ್ಲೇ ಸುಟ್ಟುಹೋಗುತ್ತದೆ. ಸ್ಪ್ರಿಂಗ್ ಇರುವ ತೋಡಿನಲ್ಲೂ ಸ್ವಲ್ಪ ಗ್ರೀಸ್ ತುಂಬಿ. ಬಡಿಯುವಾಗ ಸ್ಪ್ರಿಂಗ್ ಹಾರಿಹೋಗದಂತೆ ಅದು ಹಿಡಿದಿಡುತ್ತದೆ.

3. ಸೀಲಿನ ಹೊರಮೈ ರಬ್ಬರಾಗಿದ್ದರೆ ಸ್ವಲ್ಪ ಎಣ್ಣೆ ಸವರಿದರೆ ಸಾಕು. ಬರಿ ಲೋಹವಾಗಿದ್ದರೆ ಪೆಟ್ರೋಲ್ ತಡೆಯುವ ಸೀಲೆಂಟ್, ಅಂದರೆ ಗೋಂದಿನಂಥ ಲಿಕ್ವಿಡ್ ಪ್ಯಾಕಿಂಗ್, ತೀರಾ ತೆಳುವಾಗಿ ಹಚ್ಚಬಹುದು.

4. ಮುಖ ಯಾವ ಕಡೆ? ಸ್ಪ್ರಿಂಗ್ ಕಾಣುವ ಮುಖ ತಡೆಯಬೇಕಾದ ಒತ್ತಡದ ಕಡೆಗಿರಬೇಕು. ಕ್ರ್ಯಾಂಕ್ ಸೀಲ್‌ಗಳಲ್ಲಿ ಸಾಮಾನ್ಯವಾಗಿ ಅದು ಚೇಂಬರಿನ ಒಳಕ್ಕೆ. ಒಳಗಿನ ಒತ್ತಡವೇ ತುಟಿಯನ್ನು ಶಾಫ್ಟಿಗೆ ಇನ್ನಷ್ಟು ಒತ್ತುತ್ತದೆ. ನೀವು ತೆಗೆದ ಫೋಟೋ ಜೊತೆ, ಸಿಕ್ಕರೆ ಸರ್ವಿಸ್ ಮ್ಯಾನ್ಯುಯಲ್ ಜೊತೆ ಹೋಲಿಸಿ ಖಚಿತ ಮಾಡಿಕೊಳ್ಳಿ.

5. ಶಾಫ್ಟಿನ ಕೊನೆಯಲ್ಲಿ ಹಲ್ಲು, ಕೀ ಕೂರುವ ತೋಡು, ಇಲ್ಲವೇ ಥ್ರೆಡ್ ಇದ್ದರೆ ಅವು ಬ್ಲೇಡಿನಂತೆ ತುಟಿಯನ್ನು ಕೊಯ್ಯುತ್ತವೆ. ತೆಳು ಪ್ಲಾಸ್ಟಿಕ್ ಹಾಳೆಯನ್ನು ಕೊಳವೆಯಂತೆ ಸುತ್ತಿ ಅದರ ಮೇಲೆ ಗ್ರೀಸ್ ಸವರಿ. ಸೀಲನ್ನು ಅದರ ಮೇಲಿಂದ ಜಾರಿಸಿ, ಆಮೇಲೆ ಹಾಳೆ ಎಳೆದುಬಿಡಿ.

6. ಸೀಲಿನ ಹೊರ ಅಳತೆಗಿಂತ ಒಂದು ಕೂದಲು ಚಿಕ್ಕದಾದ ಬಾಕ್ಸ್ ಸ್ಪ್ಯಾನರ್ ಸಾಕೆಟ್ ಇಲ್ಲವೇ ಪಿವಿಸಿ ಪೈಪಿನ ತುಂಡು ತೆಗೆದುಕೊಳ್ಳಿ. ಅದನ್ನು ಸೀಲಿನ ಲೋಹದ ಅಂಚಿನ ಮೇಲಿಟ್ಟು ಮೆಲ್ಲಗೆ ತಟ್ಟಿ. ನೇರವಾಗಿ ಸುತ್ತಿಗೆ ಬೀಳಬಾರದು. ಓರೆಯಾಯಿತು ಅನ್ನಿಸಿದರೆ ಅಲ್ಲೇ ನಿಲ್ಲಿಸಿ, ತೆಗೆದು, ಮತ್ತೆ ಶುರು ಮಾಡಿ. ಓರೆಯಾದ ಸೀಲನ್ನು ಹೊಡೆದು ನೆಟ್ಟಗೆ ಮಾಡಲು ಹೋದರೆ ಬಳೆ ಸೊಟ್ಟಗಾಗುತ್ತದೆ.

7. ಎಷ್ಟು ಆಳ? ಹಳೆಯದು ಇದ್ದಷ್ಟೇ. ಅನೇಕ ಟೂ ಸ್ಟ್ರೋಕ್ ಚೇಂಬರ್‌ಗಳಲ್ಲಿ ಬೇರಿಂಗಿಗೂ ಸೀಲಿಗೂ ನಡುವೆ ಆಯಿಲ್ ಬರುವ ಒಂದು ಸಣ್ಣ ತೂತು ಇರುತ್ತದೆ. ಸೀಲನ್ನು ಅತಿ ಒಳಕ್ಕೆ ಹೊಡೆದರೆ ಆ ತೂತು ಮುಚ್ಚುತ್ತದೆ, ಬೇರಿಂಗಿಗೆ ಎಣ್ಣೆ ಸಿಗದೆ ಹೊಸ ಕ್ರ್ಯಾಂಕೇ ಹಾಳಾಗುತ್ತದೆ. ಟಾರ್ಚ್ ಹಿಡಿದು ತೂತು ತೆರೆದಿದೆ ಎಂದು ನೋಡಿಯೇ ಮುಂದುವರಿಯಿರಿ.

8. ಸರ್ಕ್ಲಿಪ್ ಇದ್ದರೆ ಹಾಕಿ. ಅದು ತೋಡಿನಲ್ಲಿ ಪೂರ್ತಿ ಕೂತಿದೆಯೇ ಎಂದು ತಿರುಗಿಸಿ ನೋಡಿ.

ಪ್ಯಾಕಿಂಗ್ ಕೂರಿಸುವುದು

ಪೇಪರ್ ಪ್ಯಾಕಿಂಗಿಗೆ ಎರಡೂ ಕಡೆ ತೆಳುವಾಗಿ ಗ್ರೀಸ್ ಸವರಿದರೆ ಸಾಕು. ಮುಂದಿನ ಸಲ ಬಿಚ್ಚುವಾಗ ಅದು ಹರಿಯದೆ ಎದ್ದುಬರುತ್ತದೆ. ಕ್ಲಚ್ ಕವರಿಗೆ ಇದು ತುಂಬ ಅನುಕೂಲ.

ಸೀಲೆಂಟ್ ಬಳಸಲೇಬೇಕೇ? ಮೈ ಸಮ ಇದ್ದರೆ, ಪ್ಯಾಕಿಂಗ್ ಹೊಸದಾಗಿದ್ದರೆ ಹೆಚ್ಚಿನ ಕಡೆ ಬೇಡ. ಚೇಂಬರಿನ ಎರಡು ಹೋಳು ಸೇರುವ ಕಡೆ ಪ್ಯಾಕಿಂಗ್ ಇಲ್ಲದ ಎಂಜಿನ್ ಆಗಿದ್ದರೆ ಬೇಕು. ಆಗ ಯಾವುದನ್ನು ಹಚ್ಚುತ್ತೀರಿ ಎಂಬುದು ಮುಖ್ಯ. ಸಾಮಾನ್ಯ ಆರ್‌ಟಿವಿ ಸಿಲಿಕೋನ್, ಅಂದರೆ ಗಾಳಿಗೆ ಒಣಗಿ ರಬ್ಬರಾಗುವ ಪೇಸ್ಟ್, ಎಂಜಿನ್ ಆಯಿಲನ್ನು ತಡೆಯುತ್ತದೆ. ಪೆಟ್ರೋಲ್ ತಗುಲಿದರೆ ಉಬ್ಬಿ ಕಿತ್ತುಬರುತ್ತದೆ. ಟೂ ಸ್ಟ್ರೋಕ್ ಚೇಂಬರಿನಲ್ಲಿ ಪೆಟ್ರೋಲ್ ಇದ್ದೇ ಇರುತ್ತದೆ. ಹಾಗಾಗಿ ಟ್ಯೂಬಿನ ಮೇಲೆ ಪೆಟ್ರೋಲ್ ತಡೆಯುತ್ತದೆ ಎಂದು ಬರೆದಿರುವುದನ್ನೇ ಕೊಳ್ಳಿ. ಕಾರ್ಬುರೇಟರಿನ ಕೂಡಿಕೆಗೂ ಸಿಲಿಕೋನ್ ಬೇಡವೇ ಬೇಡ.

ಹಚ್ಚುವುದಿದ್ದರೆ ಬೆರಳಿನಿಂದ ಬಣ್ಣ ಬಳಿದಷ್ಟು ತೆಳುವಾಗಿ, ಒಂದು ಕಡೆ ಮಾತ್ರ. ಹೊರಕ್ಕೆ ಎಷ್ಟು ಉಕ್ಕಿ ಬರುತ್ತದೋ ಅಷ್ಟೇ ಒಳಕ್ಕೂ ಉಕ್ಕುತ್ತದೆ. ಆ ಚೂರು ಕಿತ್ತುಬಂದು ಆಯಿಲ್ ತೂತಿನಲ್ಲಿ ಸಿಕ್ಕಿಕೊಂಡರೆ ಸೋರಿಕೆಗಿಂತ ದೊಡ್ಡ ನಷ್ಟ.

ಪ್ಯಾಕಿಂಗ್ ದಪ್ಪ ಬದಲಾಯಿಸಬೇಡಿ. ಸೋರುತ್ತಿದೆ ಎಂದು ಎರಡು ಪ್ಯಾಕಿಂಗ್ ಹಾಕುವವರಿದ್ದಾರೆ. ಯೆಜ್ಡಿ 250ರ ಬೋರ್, ಅಂದರೆ ಸಿಲಿಂಡರಿನ ಒಳ ಅಗಲ, 65 ಮಿ.ಮೀ. ಹೆಡ್ ಪ್ಯಾಕಿಂಗ್ ಅರ್ಧ ಮಿ.ಮೀ. ದಪ್ಪವಾದರೆ ಪಿಸ್ಟನ್ ಮೇಲಿನ ಜಾಗ ಸುಮಾರು 1.7 ಸಿಸಿ ಹೆಚ್ಚುತ್ತದೆ. ಕಂಪ್ರೆಷನ್ ಇಳಿದು ಎಳೆತ ತಗ್ಗುತ್ತದೆ. ಬ್ಲಾಕಿನ ಕೆಳಗಿನ ಪ್ಯಾಕಿಂಗ್ ದಪ್ಪವಾದರೆ ಬ್ಲಾಕೇ ಮೇಲೇರುತ್ತದೆ, ಮಿಶ್ರಣ ಮತ್ತು ಹೊಗೆಯ ದಾರಿಗಳು ತೆರೆದು ಮುಚ್ಚುವ ಹೊತ್ತೇ ಬದಲಾಗುತ್ತದೆ.

ತಾಮ್ರದ ಹೆಡ್ ಪ್ಯಾಕಿಂಗ್ ಇದ್ದರೆ ಅದನ್ನು ಮತ್ತೆ ಬಳಸಬಹುದು. ಒಮ್ಮೆ ಒತ್ತಡಕ್ಕೆ ಸಿಕ್ಕ ತಾಮ್ರ ಗಡುಸಾಗಿರುತ್ತದೆ. ಅದನ್ನು ಮಂದ ಕೆಂಪಾಗುವವರೆಗೆ ಎಲ್ಲ ಕಡೆ ಸಮನಾಗಿ ಕಾಯಿಸಿ ನೀರಿಗೆ ಹಾಕಿ. ತಾಮ್ರ ಮತ್ತೆ ಮೆದುವಾಗುತ್ತದೆ. ಮೇಲಿನ ಕರಿ ಪೊರೆಯನ್ನು ಒರೆಸಿ ತೆಗೆದು ಹಾಕಿ. ಪೇಪರ್ ಪ್ಯಾಕಿಂಗ್ ಮಾತ್ರ ಪ್ರತಿ ಸಲವೂ ಹೊಸದೇ ಆಗಬೇಕು.

ಬೋಲ್ಟ್ ಬಿಗಿಯುವಾಗ ಎದುರುಬದುರಾಗಿ ಬಿಗಿಯಿರಿ. ಒಂದನ್ನು ಬಿಗಿದ ಮೇಲೆ ಅದರ ಪಕ್ಕದ್ದಲ್ಲ, ಎದುರಿನದ್ದು. ಒಂದೇ ಸಲಕ್ಕೆ ಪೂರ್ತಿ ಬೇಡ, ಮೂರು ಸುತ್ತಿನಲ್ಲಿ ಮುಗಿಸಿ. ಎಷ್ಟು ಬಲ ಎಂದು ಅಳೆದು ತೋರಿಸುವ ಟಾರ್ಕ್ ರೆಂಚ್ ಇದ್ದರೆ ಒಳ್ಳೆಯದು. 6 ಮಿ.ಮೀ. ಬೋಲ್ಟುಗಳಿಗೆ ಸಾಮಾನ್ಯವಾಗಿ 8ರಿಂದ 10 ನ್ಯೂಟನ್ ಮೀಟರ್ ಸಾಕು. ದೊಡ್ಡ ಪಾನಾ ಹಿಡಿದು ಮೈಮೇಲೆ ಬಿದ್ದು ಬಿಗಿದರೆ ಅಲ್ಯೂಮಿನಿಯಂ ಥ್ರೆಡ್ ಕಿತ್ತುಬರುತ್ತದೆ. ಹೆಡ್ಡಿನ ಬಲವನ್ನು ಮ್ಯಾನ್ಯುಯಲ್ ನೋಡಿಯೇ ಇಡಿ. ಮೊದಲ ಬಾರಿ ಎಂಜಿನ್ ಬಿಸಿಯಾಗಿ ಪೂರ್ತಿ ಆರಿದ ಮೇಲೆ ಹೆಡ್ ಬೋಲ್ಟುಗಳನ್ನು ಇನ್ನೊಮ್ಮೆ ನೋಡಿ.

ಫ್ರೇಮಿಗೆ ಏರಿಸುವ ಮುನ್ನ ಗಾಳಿ ಪರೀಕ್ಷೆ

ಇದನ್ನು ಬಿಡಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಎಂಜಿನ್ ಮೇಜಿನ ಮೇಲಿರುವಾಗ ಸೋರಿಕೆ ಗೊತ್ತಾದರೆ ಅರ್ಧ ಗಂಟೆಯ ಕೆಲಸ. ಬೈಕಿಗೆ ಏರಿಸಿದ ಮೇಲೆ ಗೊತ್ತಾದರೆ ಮತ್ತೆ ಮೊದಲಿನಿಂದ.

ಬೇಕಾದದ್ದು ಮನೆಯಲ್ಲಿರುವ ಹಳೆಯ ಬಿ.ಪಿ. ಉಪಕರಣ. ಪಾದರಸದ್ದು ಬೇಡ, ಗಡಿಯಾರದಂತೆ ಮುಳ್ಳಿರುವುದು ಬೇಕು. ಅದರಲ್ಲಿ ಪಂಪೂ ಇದೆ, ಮಾಪಕವೂ ಇದೆ. 300ರ ಅಂಕೆ ಎಂದರೆ ಸುಮಾರು 5.8 ಪಿಎಸ್‌ಐ. ಟೈರಿಗೆ ಗಾಳಿ ಹೊಡೆಸುವಾಗ ಹೇಳುವ ಲೆಕ್ಕವೇ ಪಿಎಸ್‌ಐ. ಟೂ ಸ್ಟ್ರೋಕ್ ಚೇಂಬರ್ ಪರೀಕ್ಷೆಗೆ ಬೇಕಾದದ್ದೂ ಹತ್ತಿರ ಹತ್ತಿರ 6 ಪಿಎಸ್‌ಐ.

ಪ್ಲಗ್ ಹಾಕಿ. ಪಿಸ್ಟನ್ನನ್ನು ತೀರ ಕೆಳಕ್ಕೆ ತನ್ನಿ. ಹೊಗೆ ಹೋಗುವ ದಾರಿ ಮುಚ್ಚಿ. ಯೆಜ್ಡಿಯಲ್ಲಿ ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್, ಹಾಗಾಗಿ ಎರಡಕ್ಕೂ ರಬ್ಬರ್ ಬಿರಡೆ ಬೇಕು. ಕಾರ್ಬುರೇಟರ್ ಕೂರುವ ಕಡೆ ತೂತು ಕೊರೆದ ಬಿರಡೆ ಹಾಕಿ, ಅದಕ್ಕೆ ಬಿ.ಪಿ. ಉಪಕರಣದ ಕೊಳವೆ ಸೇರಿಸಿ. ಮುಳ್ಳು 300ಕ್ಕೆ ಬರುವವರೆಗೆ ಒತ್ತಿ. ಅದಕ್ಕಿಂತ ಹೆಚ್ಚು ಬೇಡ. ಕಂಪ್ರೆಸರ್ ಗಾಳಿ ಕೊಟ್ಟರೆ ಸೀಲೇ ಹಾರಿಹೋಗಬಹುದು.

ಆರು ನಿಮಿಷ ನೋಡಿ. ಮುಳ್ಳು ನಿಂತಲ್ಲೇ ನಿಂತರೆ ನಿಮ್ಮ ಕೆಲಸ ಗೆದ್ದಿತು. ನಿಮಿಷಕ್ಕೆ 50ಕ್ಕಿಂತ ಹೆಚ್ಚು ಇಳಿಯುತ್ತಿದ್ದರೆ ಸೋರಿಕೆ ಇದೆ. ಸೋಪಿನ ನೀರನ್ನು ಬ್ರಷ್‌ನಿಂದ ಹಚ್ಚುತ್ತಾ ಬನ್ನಿ. ಮೊದಲು ನೀವೇ ಹಾಕಿದ ಬಿರಡೆಗಳ ಸುತ್ತ, ಆಮೇಲೆ ಹೆಡ್, ಬ್ಲಾಕಿನ ಬುಡ, ಚೇಂಬರಿನ ಜೋಡಣೆ, ಕೊನೆಗೆ ಎರಡು ಸೀಲ್. ಗುಳ್ಳೆ ಎದ್ದ ಕಡೆಯೇ ದೋಷ.

ಫೋರ್ ಸ್ಟ್ರೋಕ್ ಬೈಕ್ ಇದ್ದರೆ?

ಫೋರ್ ಸ್ಟ್ರೋಕ್‌ನಲ್ಲಿ ಮಿಶ್ರಣ ಚೇಂಬರಿಗೆ ಬರುವುದಿಲ್ಲ. ಅಲ್ಲಿ ಕ್ರ್ಯಾಂಕ್ ಸೀಲಿನ ಕೆಲಸ ಆಯಿಲ್ ಹಿಡಿದಿಡುವುದಷ್ಟೇ. ಕೂರಿಸುವ ಬಗೆ ಮೇಲೆ ಹೇಳಿದ್ದೇ. ಮೂರು ವಿಷಯ ನೆನಪಿಡಿ.

ಒಂದು, ಎಲ್ಲ ಕಡೆಯಿಂದಲೂ ಆಯಿಲ್ ಜಿನುಗುತ್ತಿದ್ದರೆ ಸೀಲ್ ಬದಲಾಯಿಸುವ ಮುನ್ನ ಬ್ರೀದರ್ ಪೈಪ್ ನೋಡಿ. ಚೇಂಬರಿನ ಗಾಳಿ ಹೊರಬಿಡುವ ಕೊಳವೆ ಇದು. ಕಟ್ಟಿಕೊಂಡರೆ ಒಳಗಿನ ಒತ್ತಡ ಸೀಲ್‌ಗಳನ್ನು ದಾಟಿ ಆಯಿಲನ್ನು ದೂಡುತ್ತದೆ. ಎರಡು, ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಮಾತ್ರ ನೀಲಿ ಹೊಗೆ ಬಂದು ಆಮೇಲೆ ನಿಂತರೆ ಹೆಡ್ಡಿನಲ್ಲಿರುವ ವಾಲ್ವ್ ಸೀಲ್‌ಗಳನ್ನು ನೋಡಿಸಿ. ಮೂರು, ಓ ರಿಂಗ್, ಅಂದರೆ ದುಂಡನೆಯ ರಬ್ಬರ್ ಉಂಗುರ, ಹಾಕುವಾಗ ಅದು ತಿರುಚಿಕೊಳ್ಳಬಾರದು. ಅದಕ್ಕೆ ಎಣ್ಣೆ ಸಾಕು, ಸೀಲೆಂಟ್ ಬೇಡ.

ಮೊದಲ ಸಲ ಕೈ ಹಾಕುವವರು ಗೇರ್ ಶಾಫ್ಟ್ ಇಲ್ಲವೇ ಎಂಜಿನ್ ಸ್ಪ್ರಾಕೆಟ್ ಹಿಂದಿನ ಸೀಲಿನಿಂದ ಶುರು ಮಾಡಿ. ಅನೇಕ ಬೈಕುಗಳಲ್ಲಿ ಇವನ್ನು ಎಂಜಿನ್ ಬಿಚ್ಚದೆ ಹೊರಗಿನಿಂದಲೇ ಬದಲಾಯಿಸಬಹುದು. ಕೈ ಪಳಗುತ್ತದೆ.

ಖರ್ಚೆಷ್ಟು, ಎಲ್ಲಿ ಸಿಗುತ್ತದೆ?

ಸಾಮಾನ್ಯ ಅಳತೆಯ ನೈಟ್ರೈಲ್ ಸೀಲ್ ನೂರು-ಇನ್ನೂರು ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ. ವೈಟಾನ್‌ಗೆ ಅದರ ಹಲವು ಪಟ್ಟು ಬೆಲೆ. ಪೇಪರ್ ಪ್ಯಾಕಿಂಗ್ ಸೆಟ್ ಕೆಲವು ನೂರು. ದೊಡ್ಡ ಖರ್ಚು ಎಂಜಿನ್ ಇಳಿಸಿ, ಬಿಚ್ಚಿ, ಜೋಡಿಸುವ ಕೂಲಿ. ಆ ಕೂಲಿ ಒಂದು ಸೀಲಿಗೂ ಅಷ್ಟೇ, ಎಲ್ಲ ಸೀಲಿಗೂ ಅಷ್ಟೇ. ಆದ್ದರಿಂದ ಚೇಂಬರ್ ಬಿಚ್ಚಿದಿರೆಂದರೆ ಇನ್ನೂ ಚೆನ್ನಾಗಿ ಕಾಣುವ ಸೀಲ್‌ಗಳನ್ನೂ ಬದಲಾಯಿಸಿಬಿಡಿ. ನೂರು ರೂಪಾಯಿ ಉಳಿಸಲು ಹೋಗಿ ಪಿಸ್ಟನ್ ಸೀಜ್ ಆದರೆ ಬೋರಿಂಗ್, ಹೊಸ ಪಿಸ್ಟನ್ ಸೇರಿ ಸಾವಿರಗಟ್ಟಲೆ ಹೋಗುತ್ತದೆ.

ಬೆಂಗಳೂರಿನಲ್ಲಿ ಜೆ.ಸಿ. ರಸ್ತೆ, ಕಲಾಸಿಪಾಳ್ಯದ ಆಟೊ ಬಿಡಿಭಾಗದ ಅಂಗಡಿಗಳಲ್ಲಿ ವಿಚಾರಿಸಿ. ಬೇರೆ ಊರಿನಲ್ಲಿದ್ದರೆ ಜಿಲ್ಲಾ ಕೇಂದ್ರದ ಬೇರಿಂಗ್ ಅಂಗಡಿಗೆ ಹಳೆ ಸೀಲ್ ಹಿಡಿದು ಹೋಗಿ. ಬೈಕಿನ ಹೆಸರು ಹೇಳಬೇಕಾಗಿಲ್ಲ, ಮೂರು ಅಂಕೆ ಹೇಳಿದರೆ ಸಾಕು. ಜಾವಾ-ಯೆಜ್ಡಿ ಪ್ರಿಯರ ಕೂಟಗಳೂ ಇವೆ. ಯಾವ ಸಾಮಾನು ಎಲ್ಲಿ ಸಿಗುತ್ತದೆ, ಯಾವ ಮೆಕ್ಯಾನಿಕ್ ಕೈ ಚೆನ್ನಾಗಿದೆ ಎಂಬುದನ್ನು ಅವರು ಸಂತೋಷದಿಂದ ಹೇಳುತ್ತಾರೆ.

ಪ್ಯಾಕಿಂಗ್ ಎಲ್ಲೂ ಸಿಗದಿದ್ದರೆ ನೀವೇ ಕತ್ತರಿಸಿ. ಅದೇ ದಪ್ಪದ ಗ್ಯಾಸ್ಕೆಟ್ ಶೀಟ್ ತನ್ನಿ. ಕವರಿನ ಅಂಚಿಗೆ ಗ್ರೀಸ್ ಸವರಿ ಶೀಟಿನ ಮೇಲೆ ಒತ್ತಿದರೆ ಅಚ್ಚು ಬೀಳುತ್ತದೆ. ಮೊದಲು ಪಂಚ್‌ನಿಂದ ತೂತುಗಳನ್ನು ಹೊಡೆಯಿರಿ, ಆಮೇಲೆ ಅಂಚು ಕತ್ತರಿಸಿ. ಅಂಚು ಮೊದಲು ಕತ್ತರಿಸಿದರೆ ತೂತು ಹೊಡೆಯುವಾಗ ಹರಿಯುತ್ತದೆ. ಆಯಿಲ್ ತೂತು ಮರೆಯಬೇಡಿ.

ಎಲ್ಲವನ್ನೂ ನೀವೇ ಮಾಡಬೇಕೆಂದಿಲ್ಲ. ಮೆಕ್ಯಾನಿಕ್ ಕೈಗೆ ಕೊಟ್ಟರೂ ಮೂರು ಮಾತು ಕೇಳಿ: ಯಾವ ರಬ್ಬರಿನ ಸೀಲ್ ಹಾಕುತ್ತೀರಿ? ಆಯಿಲ್ ತೂತು ತೆರೆದಿದೆಯೇ? ಫ್ರೇಮಿಗೆ ಏರಿಸುವ ಮುನ್ನ ಗಾಳಿ ಪರೀಕ್ಷೆ ಮಾಡುತ್ತೀರಾ? ಕೊನೆಯದಕ್ಕೆ ಅವರಲ್ಲಿ ಸಾಧನ ಇಲ್ಲದಿದ್ದರೆ ಮನೆಯ ಬಿ.ಪಿ. ಉಪಕರಣವನ್ನು ಜೊತೆಗೇ ಒಯ್ಯಿರಿ. ಆ ಆರು ನಿಮಿಷ ನೀವೂ ಅವರ ಪಕ್ಕದಲ್ಲಿ ಕೂತು ಮುಳ್ಳು ನೋಡಿ.